ಘಮ ಬಂದಾಗ ಸಿಗಡಿ ಹಾಕಿ

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ 11

ನಾನು ಈ ಮನೆಯ ಯಜಮಾನಿ. ಹೈಸ್ಕೂಲು ಮುಗಿಸಿದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಮೂವತ್ತಾರು ವರ್ಷದಿಂದ ಈ ಮೂರನೇ ಮಹಡಿಯಲ್ಲಿ ಅಡುಗೆ ನನ್ನದು, ಕೊನೆಯ ಮಾತೂ ನನ್ನದು. ಯಜಮಾನರು ಹೋಗಿ ಒಂಬತ್ತು ವರ್ಷ. ಅವರಿದ್ದಾಗಲೂ ಹೀಗೆಯೇ. ಬಿಲ್ಡಿಂಗಿನವರು ಬೆನ್ನ ಹಿಂದೆ ನನ್ನನ್ನು ಹೈಕೋರ್ಟು ಅನ್ನುತ್ತಾರೆ. ಗೊತ್ತು. ಅನ್ನಲಿ.

ಹಳೆಯ ಡೈರಿ ನಿನ್ನೆ ಮುಗಿಯಿತು. ಹೊಸದರ ಮೊದಲ ಪುಟದಲ್ಲಿ ಮನೆಯ ಸ್ಥಿತಿ ಬರೆಯುವುದು ನನ್ನ ಪದ್ಧತಿ. ಮಗ, ಲಿಫ್ಟ್ ಮೆಕ್ಯಾನಿಕ್. ಸೊಸೆ, ಕನ್ನಡಕದ ಅಂಗಡಿಯಲ್ಲಿ. ಈಗ ಬಸುರಿ, ಆರು ತಿಂಗಳು ತುಂಬಿದೆ, ಅರ್ಧ ದಿನ ಮಾತ್ರ ಹೋಗುತ್ತಾಳೆ. ನಾನು, ಆರೋಗ್ಯ.

ಹಾಗಂತ ಬರೆದು ಪೆನ್ನು ಹಿಡಿದುಕೊಂಡೇ ಕೂತೆ.

ಇದನ್ನು ಓದುವವರು ಯಾರೂ ಇಲ್ಲ. ಬರೆಯುತ್ತೇನೆ. ಇವತ್ತು ಅನ್ನ ತಳ ಹಿಡಿಯಿತು. ಒಲೆಯ ಪಕ್ಕದಲ್ಲೇ ನಿಂತಿದ್ದೆ. ಹೊಗೆ ಕಣ್ಣಿಗೆ ಕಂಡ ಮೇಲೆ ಗೊತ್ತಾಯಿತು.

ಕಳೆದ ತಿಂಗಳು ನಾಲ್ಕು ದಿನ ಜ್ವರ ಬಂತು. ಹೋಯಿತು. ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಶೀತ ಇಳಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಇವತ್ತಿಗೆ ಇಪ್ಪತ್ತಮೂರು ದಿನ. ಬಚ್ಚಲಿನ ಫಿನಾಯಿಲ್ ಬಾಟಲಿ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಬರೀ ನೀರು. ಬೆಳ್ಳುಳ್ಳಿ ಜಜ್ಜಿ ಹಿಡಿದೆ. ಏನೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತವೆ. ಉಳಿದದ್ದೆಲ್ಲ ಬೇಯಿಸಿದ ಕಾಗದ.

ಈ ಮನೆಯಲ್ಲಿ ಒಂದು ನಿಯಮವಿದೆ, ನಾನೇ ಮಾಡಿದ್ದು. ಅಡುಗೆ ಆದ ಮೇಲೆ ಸೌಟಿನಿಂದ ಎಡ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ಮೊದಲು ಮೂಸಿ, ಆಮೇಲೆ ನೆಕ್ಕಿ, "ಸರಿ" ಅನ್ನುತ್ತೇನೆ. ಅಂದ ಮೇಲೆ ಮುಗಿಯಿತು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡುವುದಿಲ್ಲ. ಯಾರೂ ಸಪ್ಪೆ ಅನ್ನುವ ಹಾಗಿಲ್ಲ, ಖಾರ ಅನ್ನುವ ಹಾಗಿಲ್ಲ.

ಈಗ ಅದೇ ಉರುಳಾಗಿದೆ. ನನ್ನ ಅಡುಗೆ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಹೇಳಬೇಕಾದವರ ಬಾಯಿಗೆ ನಾನೇ ಬೀಗ ಹಾಕಿ ಕೂತಿದ್ದೇನೆ. ನಿನ್ನೆ ರಾತ್ರಿ ಮಗ ಊಟದ ನಡುವೆ ನಾಲ್ಕು ಲೋಟ ನೀರು ಕುಡಿದ. ಮುಂಚೆ ಒಂದೇ ಕುಡಿಯುತ್ತಿದ್ದ.

ಸೆಪ್ಟೆಂಬರ್ 4, ಗುರುವಾರ. ರಾತ್ರಿ 8

ಕ್ಲಿನಿಕ್ಕಿನ ಡಾಕ್ಟರಮ್ಮ ಸೊಸೆಯನ್ನು ಗದರಿದಳಂತೆ. ಮಗುವಿನ ತೂಕ ಸಾಲದು. ತಾಯಿಯದು ಏರುವ ಬದಲು ಎರಡು ಕಿಲೋ ಇಳಿದಿದೆ. ಮೂರು ತಿಂಗಳಿಗೆ ನಿಲ್ಲಬೇಕಿದ್ದ ವಾಂತಿ ಇನ್ನೂ ನಿಂತಿಲ್ಲ. ಇವಳಿಗೆ ಎಲ್ಲದರ ವಾಸನೆಯೂ ಬರುತ್ತದೆ. ಕೆಳಗಿನ ಮನೆಯ ಇಸ್ತ್ರಿಯ ವಾಸನೆ, ಪೇಪರಿನ ಮಸಿಯ ವಾಸನೆ, ಗಂಡನ ಟೂಲ್ ಬ್ಯಾಗಿನ ಗ್ರೀಸಿನ ವಾಸನೆ. ನನ್ನ ಪಾಲಿನದೂ ಅವಳಿಗೇ ಹೋಗಿದೆಯೋ ಏನೋ.

"ಬಾಯಿಗೆ ಏನು ಸೇರುತ್ತೆ ಹೇಳು," ಅಂದೆ.

"ಏನೂ ಬೇಡ ಅತ್ತೆ."

"ಅದು ನಿನ್ನ ಮಾತಾಯ್ತು. ಒಳಗಿರೋದು ಏನನ್ನುತ್ತೆ?"

ನಕ್ಕಳು. ಎಷ್ಟೋ ದಿನದ ಮೇಲೆ. "ಬೈಯಬೇಡಿ ಅತ್ತೆ. ಅಂಗಡಿಯವರ ಪಾರ್ಟಿಯಲ್ಲಿ ಒಂದು ಸೂಪ್ ಕುಡಿದಿದ್ದೆ. ಥಾಯ್ ಸೂಪು. ಟಾಮ್ ಯಮ್ ಅಂತಾರೆ. ಹುಳಿ ಅಂದ್ರೆ ಹುಳಿ, ಖಾರ ಅಂದ್ರೆ ಕಿವಿಯಲ್ಲಿ ಹೊಗೆ. ಸಿಗಡಿ ಇತ್ತು. ಅದರ ಘಮ ನೆನೆಸಿಕೊಂಡ್ರೆ ಮಾತ್ರ ಹೊಟ್ಟೆ ತೊಳಸಲ್ಲ."

"ಅಷ್ಟೇ ತಾನೆ? ನಾಳೆ ಹೋಟೆಲಿಂದ ಪಾರ್ಸೆಲ್ ತರ್ತೀನಿ," ಅಂದ ಮಗ.

"ಬಸುರಿ ಹೆಂಗಸಿಗೆ ಪಾರ್ಸೆಲ್ ತಿನ್ನಿಸೋ ಗತಿ ಈ ಮನೆಗೆ ಇನ್ನೂ ಬಂದಿಲ್ಲ. ನಾನು ಮಾಡ್ತೀನಿ."

"ಅಮ್ಮ, ಅದು ಥಾಯ್ಲೆಂಡಿನ..."

"ಅಲ್ಲೂ ಒಲೆ ಮೇಲೇ ತಾನೆ ಮಾಡೋದು?"

ಅಂದುಬಿಟ್ಟೆ. ಅವಳ ಮುಖ ಅರಳಿದ್ದು ನೋಡಿ ಹಿಂತೆಗೆಯಲಾಗಲಿಲ್ಲ. ಈಗ ಹಾಸಿಗೆಯ ಮೇಲೆ ಕೂತು ಯೋಚಿಸುತ್ತಿದ್ದೇನೆ. ಜನ್ಮದಲ್ಲಿ ಕಾಣದ ಅಡುಗೆ. ಮೂಗಿಲ್ಲದ ಅಡುಗೆಯವಳು.

ಸೆಪ್ಟೆಂಬರ್ 6, ಶನಿವಾರ

ಸೂಪರ್ ಮಾರ್ಕೆಟ್ಟಿಗೆ ಹೋದೆ. ಫೋನಿನ ವಿಡಿಯೊದಲ್ಲಿ ಥಾಯ್ ಅಜ್ಜಿಯೊಬ್ಬಳು ಈ ಸೂಪ್ ಮಾಡುತ್ತಾಳೆ, ಕೆಳಗೆ ಅಕ್ಷರ ಬರುತ್ತದೆ. ನೋಡಿ ಪಟ್ಟಿ ಬರೆದುಕೊಂಡಿದ್ದೆ. ನಿಂಬೆಹುಲ್ಲು. ಶುಂಠಿಯ ಅಣ್ಣನಂತಿರುವ ಒಂದು ಬಿಳಿ ಗೆಡ್ಡೆ. ಎರಡೆರಡು ಎಲೆ ಒಂದಕ್ಕೊಂದು ಅಂಟಿಕೊಂಡಿರುವ ಕಾಡು ನಿಂಬೆಯ ಸೊಪ್ಪು. ಸೂಜಿಮೆಣಸು. ಅಣಬೆ. ಮೀನಿನ ಸಾಸು, ಕಂದು ಬಾಟಲಿಯಲ್ಲಿ. ಎಲ್ಲ ಸಿಕ್ಕಿತು. ಸಿಗಡಿ ಮಾತ್ರ ಅವತ್ತಿನದು ಅವತ್ತೇ ತರಬೇಕು.

ಅಜ್ಜಿಯ ವಿಡಿಯೊ ಆರು ಸಲ ನೋಡಿದೆ. ನೀರು ಕುದಿಯಲಿ. ಹುಲ್ಲು, ಗೆಡ್ಡೆ, ಎಲೆ ಜಜ್ಜಿ ಹಾಕಿ. ಇಲ್ಲಿಯವರೆಗೆ ಸರಿ. ಆಮೇಲೆ ಬರುತ್ತದೆ: "ಘಮ ಬಂದಾಗ ಸಿಗಡಿ ಹಾಕಿ."

ಎಷ್ಟು ನಿಮಿಷಕ್ಕೆ ಅಂತ ಹೇಳಿದರೆ ಅವಳ ಗಂಟೇನು ಹೋಗುತ್ತಿತ್ತು?

ಸೆಪ್ಟೆಂಬರ್ 8, ಸೋಮವಾರ. ಮಧ್ಯಾಹ್ನ

ಮೊದಲ ಪರೀಕ್ಷೆ. ಮಗ ಕೆಲಸಕ್ಕೆ, ಸೊಸೆ ಅಂಗಡಿಗೆ ಹೋದ ಮೇಲೆ. ಕಲಿಯುವುದನ್ನು ಯಾರೂ ನೋಡಬಾರದು. ಕಲಿತದ್ದನ್ನು ನೋಡಲಿ.

ಅಂಗೈಗೆ ಬಿಟ್ಟುಕೊಂಡೆ. ಮೂಸಿದೆ, ಅಭ್ಯಾಸ. ನೆಕ್ಕಿದೆ. ನೀರಿಗೆ ಸಿಟ್ಟು ಬಂದ ಹಾಗಿತ್ತು. ಹುಳಿ ಇದೆ, ಖಾರ ಇದೆ, ಅವೆರಡರ ನಡುವೆ ಏನಿರಬೇಕೋ ಅದು ಇದೆಯೋ ಇಲ್ಲವೋ ತಿಳಿಯಲಿಲ್ಲ. ಸಿಂಕಿಗೆ ಚೆಲ್ಲಿದೆ. ಪಾತ್ರೆ ತೊಳೆದು ಮೊದಲಿದ್ದಲ್ಲೇ ಇಟ್ಟೆ.

ಸಂಜೆ

ಮೀನಿನ ಸಾಸು ನಾಲ್ಕು ಹನಿ ಕಟ್ಟೆಯ ಮೇಲೆ ಬಿದ್ದು ಒಣಗಿತ್ತು. ಅದರ ನಾತ ನನಗೇನು ಗೊತ್ತು. ಸೊಸೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತಳು. "ಅತ್ತೆ, ಒಳಗೆ ಏನೋ ಸತ್ತಿದೆ!" ಅಂದಳು.

"ಸಿಂಕಿನ ಪೈಪು ಕಟ್ಟಿಕೊಂಡಿದೆ," ಅಂದೆ.

ಮಗ ಒಂದು ಗಂಟೆ ನೆಲದ ಮೇಲೆ ಮಲಗಿ ಪೈಪು ಬಿಚ್ಚಿದ. ಒಳಗೆ ಏನೂ ಇರಲಿಲ್ಲ. "ಇಪ್ಪತ್ತು ಮಹಡಿ ಲಿಫ್ಟ್ ರಿಪೇರಿ ಮಾಡ್ತೀನಿ, ಇದೊಂದು ನಾತ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿಲ್ಲ," ಅಂತ ತಲೆ ಕೆರೆದುಕೊಂಡ. ನಗು ಬಂತು. ಬೇಗ ಹೋಯಿತು. ಮೂವತ್ತಾರು ವರ್ಷದಲ್ಲಿ ಈ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಇದೇ ಇರಬೇಕು. ನಾಲಿಗೆ ತಡವರಿಸಲೂ ಇಲ್ಲ.

ಸೆಪ್ಟೆಂಬರ್ 11, ಗುರುವಾರ. ಸಂಜೆ 5:45

ಆದದ್ದು ಆದ ಹಾಗೆ ಬರೆಯಬೇಕು.

ಹನ್ನೊಂದಕ್ಕೆ ಅಡುಗೆ ಮುಗಿಸಿದೆ. ಊಟವಾಯಿತು. ಸೊಸೆ ಕಾಲಿಗೆ ಹಾಕಿಕೊಳ್ಳಲು ಸ್ವಲ್ಪ ನೀರು ಕಾಯಿಸಿಕೊಂಡಳು. ಒಂದೂವರೆಗೆ ಇಬ್ಬರೂ ಕ್ಲಿನಿಕ್ಕಿಗೆ ಹೊರಟರು. "ನಾನು ಮಲಗ್ತೀನಿ," ಅಂದೆ. ಅವರು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಎದ್ದೆ. ಎರಡನೇ ಪರೀಕ್ಷೆ.

ಹುಲ್ಲು, ಗೆಡ್ಡೆ, ಎಲೆ ಹಾಕಿ ಮುಚ್ಚಳ ಮುಚ್ಚಿದೆ. ಒಲೆಗೆ ಬೆನ್ನು ಹಾಕಿ ಊಟದ ಮೇಜಿನ ಹತ್ತಿರ ಕೂತು ಅಜ್ಜಿಯ ವಿಡಿಯೊ ಜೋರಾಗಿ ಹಾಕಿಕೊಂಡೆ. ಹದಿನೈದು ನಿಮಿಷ ಇರಬಹುದು. ಎದ್ದು ನೋಡಿದರೆ ಉರಿ ಇರಲಿಲ್ಲ. ನಾನೇ ಆರಿಸಿದ್ದೇನೆ ಅಂದುಕೊಂಡೆ. ರುಚಿ ನೋಡಿದೆ. ನಿಂಬೆ ಸಾಲದು ಅನ್ನಿಸಿತು. ಚೆಲ್ಲಿದೆ, ತೊಳೆದೆ, ಇಟ್ಟೆ. ಬಾಗಿಲು ಎಳೆದುಕೊಂಡು ನಿಂಬೆಹಣ್ಣು ತರಲು ಕೆಳಗಿಳಿದೆ.

ವಾಪಸು ಬಂದಾಗ ಮೆಟ್ಟಿಲ ತುಂಬ ಜನ. ಎಲ್ಲರ ಕೈಯೂ ಮೂಗಿನ ಮೇಲೆ. ಮಗ ಕಿಟಕಿಗಳನ್ನು ತೆರೆಯುತ್ತಿದ್ದ. ಏನಾಯಿತು ಅಂತ ನಾನು ಕೇಳಬೇಕಾಯಿತು. ಗ್ಯಾಸು. ಮನೆ ತುಂಬ ಗ್ಯಾಸು. ನಾನು ಅದರೊಳಗೆ ನಿಂತಿದ್ದೆ, ನನಗೆ ಬರೀ ಗಾಳಿ. ಅವರನ್ನು ನೋಡಿ ನಾನೂ ಕರ್ಚೀಫ್ ತೆಗೆದು ಮೂಗಿಗೆ ಹಿಡಿದೆ.

ಸೊಸೆಗೆ ಎರಡನೇ ಮಹಡಿಯಲ್ಲೇ ಗೊತ್ತಾಯಿತಂತೆ. ನಾನು ಒಳಗೆ ಮಲಗಿದ್ದೇನೆ ಅಂತ ಮಗ ಓಡಿ ಬೆಲ್ ಒತ್ತಲು ಹೋದನಂತೆ. ಇವಳು ಅವನ ಕಾಲರ್ ಹಿಡಿದು ಎಳೆದಳಂತೆ. ಬೆಲ್ಲಿನಲ್ಲಿ ಒಂದು ಕಿಡಿ ಹಾರಿದ್ದರೆ...

ಬರೆಯಲಾರೆ.

ಕೆಳಗಿನ ಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಒಳಗೇ ಬಂದಿದ್ದಳು. "ಕೊನೇಲಿ ಒಲೆ ಹಚ್ಚಿದ್ದು ಯಾರು?" ಅಂತ ಅವಳೇ ಕೇಳಿದ್ದು.

"ಅಮ್ಮ ಹನ್ನೊಂದಕ್ಕೇ ಮುಗಿಸಿದ್ದಾಳೆ," ಅಂದ ಮಗ. ಹೆಂಡತಿಯ ಕಡೆ ತಿರುಗಿದ. "ನೀರು ಕಾಯಿಸಿದೆಯಲ್ಲ. ನಾಬ್ ತಿರುಗಿಸಿದ್ಯಾ?"

"ತಿರುಗಿಸಿದೆ ಅನ್ಸುತ್ತೆ."

"ಅನ್ಸುತ್ತೆ?"

ಅವಳು ತಲೆ ತಗ್ಗಿಸಿದಳು. "ಗೊತ್ತಿಲ್ಲ... ಮರೆತೆನೇನೋ."

"ಬಸುರಿ ಮರೆವು ಅಣ್ಣಾ, ಬೈಬೇಡಿ," ಅಂದಳು ಟೈಲರಮ್ಮ. "ಅಮ್ಮಾವ್ರ ಕೈ ಆಗಿದ್ರೆ ಹೀಗಾಗ್ತಿತ್ತಾ?"

ಎಲ್ಲರೂ ನನ್ನ ಕಡೆ ನೋಡಿದರು. ಕೈಯಲ್ಲಿ ನಿಂಬೆಹಣ್ಣಿನ ಚೀಲ. ಬಾಯಿ ತೆರೆದೆ.

"ಆದದ್ದಾಯ್ತು, ಬಿಡಿ," ಅಂದೆ.

ಸಂಜೆ 7:30

ಬರ್ನರ್ ಎತ್ತಿ ನೋಡಿದೆ. ಅಡಿಯಲ್ಲಿ ಒಣಗಿದ ಸಾರು, ನಿಂಬೆಹುಲ್ಲಿನ ಒಂದು ಚೂರು. ಉಕ್ಕಿ ಉರಿ ಆರಿದೆ. ನಾನು ನಾಬ್ ತಿರುಗಿಸದೇ ಹೋಗಿದ್ದೆ. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ. ಎರಡು ಸಲ.

ಸೆಪ್ಟೆಂಬರ್ 12, ಶುಕ್ರವಾರ

ಮಗ ಅಡುಗೆಮನೆಯ ಗೋಡೆಗೆ ಒಂದು ಚಾರ್ಟು ಅಂಟಿಸಿದ. ಲಿಫ್ಟಿನ ಮೆಷಿನ್ ರೂಮಿನಲ್ಲಿ ಇರುತ್ತದಲ್ಲ, ಅದೇ ತರಹ. ತಾರೀಖು, ಸಮಯ, ನಾಬ್ ಬಂದ್, ರೆಗ್ಯುಲೇಟರ್ ಬಂದ್, ಸಹಿ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. "ಸೇಫ್ಟಿ ಅಮ್ಮ. ಯಾರ ಮೇಲೂ ಸಂಶಯ ಅಲ್ಲ," ಅಂದ. ಅನ್ನುವಾಗ ಕಣ್ಣು ಹೆಂಡತಿಯ ಕಡೆಗಿತ್ತು.

ನಾನೂ ಸಹಿ ಮಾಡಿದೆ. ಹೈಸ್ಕೂಲಿನ ಹೆಡ್‌ಮಾಸ್ತರರು ಹೊಗಳಿದ ಸಹಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ನನ್ನ ಹೆಗಲ ಮೇಲೆ ಕುಂಬಳಕಾಯಿಯೇ ಇದೆ, ಯಾರೂ ಕಳ್ಳ ಅನ್ನುತ್ತಿಲ್ಲ.

ಸೆಪ್ಟೆಂಬರ್ 17, ಬುಧವಾರ

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ನಾನೇ ಓದಬೇಕಲ್ಲ.

ಮಧ್ಯಾಹ್ನ ಚಾರ್ಟು ನೋಡಿದೆ. ನಿನ್ನೆ ಒಂದೇ ದಿನ ಸೊಸೆಯ ಸಹಿ ಹದಿನಾಲ್ಕು. ನಿನ್ನೆ ಅವಳು ಒಲೆ ಹಚ್ಚಿಯೇ ಇಲ್ಲ. ಬಂದು ನಾಬ್ ಮುಟ್ಟುತ್ತಾಳೆ, ತಿರುಗಿಸಿ ನೋಡುತ್ತಾಳೆ, ಸಹಿ ಮಾಡುತ್ತಾಳೆ, ಹೋಗುತ್ತಾಳೆ. ಅರ್ಧ ಗಂಟೆಗೆ ಮತ್ತೆ ಬರುತ್ತಾಳೆ. ಕೊನೆಕೊನೆಯ ಸಹಿಗಳು ಗೀರಿದ ಹಾಗಿವೆ. ಅಂಗಡಿಯಲ್ಲೂ ಬಾಗಿಲು ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸು ಹೋದಳಂತೆ.

"ಎಷ್ಟು ಸಲ ನೋಡ್ತೀಯ? ಬಂದ್ ಆಗಿದೆ," ಅಂದೆ.

"ಅವತ್ತೂ ಬಂದ್ ಮಾಡಿದ್ದೆ ಅಂತಲೇ ಅಂದುಕೊಂಡಿದ್ದೆ ಅತ್ತೆ. ನೀರಿನ ಪಾತ್ರೆ ಇಳಿಸಿದ್ದು ನೆನಪಿದೆ, ನಾಬ್ ತಿರುಗಿಸಿದ್ದೂ ನೆನಪಿದೆ. ಆದ್ರೂ ತೆರೆದಿತ್ತು. ಅಂದ್ರೆ ನನ್ನ ನೆನಪೇ ಸುಳ್ಳು ಹೇಳುತ್ತೆ." ಕಣ್ಣೊರೆಸಿಕೊಂಡು, "ನೀವು ಒಳಗೆ ಮಲಗಿದ್ದೀರಿ ಅಂದುಕೊಂಡ್ವಿ. ನೀವು ನಿಂಬೆಹಣ್ಣಿಗೆ ಹೋಗದೇ ಇದ್ದಿದ್ರೆ?"

ನನ್ನ ಪ್ರಾಣಕ್ಕಾಗಿ ಅಳುತ್ತಾಳೆ, ನನ್ನೆದುರಿಗೇ.

ಊಟ ಅರ್ಧ ಚಪಾತಿ. ಅದೂ ನಿಲ್ಲಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಮೊಣಕಾಲು ತೋರಿಸಬೇಕು ಅಂತ ಹೇಳಿ ಎರಡು ಬಸ್ಸು ಬದಲಾಯಿಸಿ ದೂರದ ಆಸ್ಪತ್ರೆಗೆ ಹೋದೆ. ಮೂಗಿನ ಡಾಕ್ಟರು ನನ್ನ ಮಗನಿಗಿಂತ ಚಿಕ್ಕವನು. ಕಣ್ಣು ಮುಚ್ಚಿಸಿ ಒಂದೊಂದೇ ಸೀಸೆ ಹಿಡಿದ. "ಇದೇನಮ್ಮ?" "ಏನೂ ಇಲ್ಲ." "ಇದು?" "ಏನೂ ಇಲ್ಲ." ಹನ್ನೆರಡು ಸೀಸೆ. ಹನ್ನೆರಡಕ್ಕೆ ಸೊನ್ನೆ. ಯಾವ ಪರೀಕ್ಷೆಯಲ್ಲೂ ನನಗೆ ಸೊನ್ನೆ ಬಂದಿರಲಿಲ್ಲ.

ಬರಬಹುದು, ಬರದೇ ಇರಬಹುದು ಅಂದ. ತಿಂಗಳುಗಳು ಬೇಕಾಗಬಹುದು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದ: "ಮನೆಯಲ್ಲಿ ಯಾರಿಗೆ ಗೊತ್ತು?"

"ಎಲ್ಲರಿಗೂ."

"ಒಳ್ಳೇದು. ಗ್ಯಾಸು, ಕೆಟ್ಟ ಆಹಾರ, ಇವೆರಡು ನಿಮಗೆ ತಿಳಿಯಲ್ಲ. ಬೇರೆಯವರ ಮೂಗು ಬೇಕು."

ಹೂಂ ಅಂದೆ. ಎರಡನೇ ಸುಳ್ಳು. ಅಲ್ಲ, ಎಣಿಕೆ ತಪ್ಪಿದೆ.

ಸೆಪ್ಟೆಂಬರ್ 21, ಭಾನುವಾರ

ಸೊಸೆಯ ಅಕ್ಕ ಶನಿವಾರ ಬರುತ್ತಾಳಂತೆ, ಕರೆದುಕೊಂಡು ಹೋಗಲು. ಹೆರಿಗೆಗಷ್ಟೇ ಅಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಜೀವಮಾನದಲ್ಲಿ ಮಾಡದ ಕೆಲಸ.

"ಮಗು ಒಂದು ವರ್ಷ ಅಕ್ಕನ ಹತ್ತಿರವೇ ಇರಲಿ," ಅಂತ ಸೊಸೆ ಗಂಡನಿಗೆ ಹೇಳುತ್ತಿದ್ದಳು. "ನನ್ನ ಕೈಲಿ ಬೇಡ."

"ಹುಚ್ಚು ಹುಚ್ಚಾಗಿ ಮಾತಾಡಬೇಡ."

"ಸ್ನಾನದ ನೀರು ಬಿಸಿ ನೋಡೋದು ಮರೆತರೆ? ಮಂಚದ ಮೇಲೆ ಮಲಗಿಸಿ ಮರೆತರೆ? ನೀವು ಲಿಫ್ಟಿಗೆ ಒಂದು ಸಲ ಬ್ರೇಕ್ ಹಿಡೀಲಿಲ್ಲ ಅಂದ್ರೆ ಮತ್ತೆ ಅದರಲ್ಲಿ ಜನ ಹತ್ತೋಕೆ ಬಿಡ್ತೀರಾ?"

ಮಗನ ಬಾಯಿಂದಲೇ ಕಲಿತ ಮಾತು.

ಮಗುವನ್ನು ಬಿಟ್ಟುಕೊಡುತ್ತಾಳೆ. ನನ್ನ ಒಂದು ಮಾತಿಗೆ. ನಾನು ಆಡದ ಮಾತಿಗೆ.

ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದೆ — "ಬುಧವಾರ ಆ ಸೂಪ್ ಮಾಡ್ತೀನಿ. ಕುಡಿದು ಹೋಗು." ಹೇಳಬೇಕಿದ್ದದ್ದು ಬೇರೆ.

ಸೆಪ್ಟೆಂಬರ್ 23, ಮಂಗಳವಾರ

ಬೆಳಿಗ್ಗೆ ಅವಳ ಕೋಣೆಯವರೆಗೆ ಹೋದೆ. ಬಟ್ಟೆ ಮಡಿಸುತ್ತಿದ್ದಳು. "ಏನತ್ತೆ?" ಅಂದಳು. "ಆ ಹಸಿರು ಬೆಡ್‌ಶೀಟ್ ಒಯ್ಯಿ, ಅದು ಮೆತ್ತಗಿದೆ," ಅಂದೆ. ವಾಪಸು ಬಂದೆ.

ಸಂಜೆ ಮತ್ತೆ ಹೋದೆ. ತಲೆದಿಂಬಿನ ಬಗ್ಗೆ ಹೇಳಿ ಬಂದೆ.

ನಾನು ಹೆದರುವವಳಲ್ಲ. ಯಜಮಾನರ ಅಣ್ಣಂದಿರು ಈ ಮನೆ ಕೇಳಿಕೊಂಡು ಬಂದಾಗ ಬಾಗಿಲಲ್ಲಿ ಒಬ್ಬಳೇ ನಿಂತು ವಾಪಸು ಕಳಿಸಿದವಳು. ಹಾಗಾದರೆ ಇದೇನು? ನನ್ನ ಕೈ ತಪ್ಪಿತು ಅಂತ ಒಂದು ಸಲ ಅಂದರೆ ಆಮೇಲೆ ಈ ಮನೆಯಲ್ಲಿ ನಾನು ಯಾರು? ಮೂಲೆಯಲ್ಲಿ ಕೂರಿಸಿ ಹೊತ್ತಿಗೆ ಊಟ ಕೊಡುವ ಮುದುಕಿ.

ಸೆಪ್ಟೆಂಬರ್ 24, ಬುಧವಾರ. ಬೆಳಿಗ್ಗೆ 7:40

ಸಿಗಡಿ ತಂದೆ. ಮಾರುವವಳು ಒಂದು ಹಿಡಿ ಎತ್ತಿ ಮುಖಕ್ಕೇ ಹಿಡಿದಳು: "ಮೂಸಿ ನೋಡಿ ಅಮ್ಮಾ, ಸಮುದ್ರದ ವಾಸನೆ ಬಿಟ್ಟು ಬೇರೆ ಬಂದ್ರೆ ಹೇಳಿ." ಮೂಸಿದೆ. ತಲೆಯಾಡಿಸಿದೆ. ಫ್ರಿಜ್ಜಿನಲ್ಲಿಟ್ಟೆ. ನಾಲ್ಕು ಗಂಟೆಗೆ ಇಬ್ಬರೂ ಬರುತ್ತಾರೆ.

ಮಧ್ಯಾಹ್ನ 2:10

ಎಂಟಕ್ಕೆ ಹೋದ ಕರೆಂಟು ಒಂದೂ ಮುಕ್ಕಾಲಿಗೆ ಬಂತು. ಸೆಕೆ. ಫ್ರಿಜ್ಜಿನ ಕೆಳಗೆ ನೀರು ಹರಿದಿತ್ತು. ಸಿಗಡಿಯ ಪೊಟ್ಟಣ ಕೈಗೆ ತಣ್ಣಗಿಲ್ಲ, ಬೆಚ್ಚಗೂ ಇಲ್ಲ. ಬಣ್ಣ ಬೆಳಿಗ್ಗೆಯದೇ ಅನ್ನಿಸುತ್ತದೆ. ಒಂದು ಅಂಟಿದ ಹಾಗಿತ್ತು, ಒಂದು ಅಂಟಲಿಲ್ಲ. ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿ ಎಳೆದೆ. ಕಿಟಕಿಯ ಹತ್ತಿರ ಒಯ್ದು ಎಳೆದೆ.

ಏನೂ ಇಲ್ಲ. ಹದಿಮೂರನೇ ಸೀಸೆ.

ಮೀನಿನ ಅಂಗಡಿ ಹನ್ನೊಂದಕ್ಕೇ ಮುಚ್ಚುತ್ತದೆ. ಯಾರನ್ನಾದರೂ ಕೇಳಬಹುದು. ಟೈಲರಮ್ಮನನ್ನು. ಏನಂತ ಕೇಳಲಿ? ಹೈಕೋರ್ಟು ಪೊಟ್ಟಣ ಹಿಡಿದುಕೊಂಡು ಬಂದು "ಇದು ನಾರುತ್ತಾ ನೋಡು" ಅಂತ? ಇಡೀ ಬಿಲ್ಡಿಂಗಿಗೆ ಡಂಗುರ.

ಕುದಿದರೆ ಎಲ್ಲ ಸತ್ತು ಹೋಗುತ್ತದೆ. ಅಲ್ಲವೇ? ಐದೂ ಮುಕ್ಕಾಲು ಗಂಟೆ ಏನು ಮಹಾ.

3:35

ಸೂಪ್ ಆಗಿದೆ. ಈ ಸಲ ಒಲೆ ಬಿಟ್ಟು ಕದಲಲಿಲ್ಲ. ಹುಲ್ಲು, ಎಲೆ ಹಾಕಿ ಏಳು ನಿಮಿಷ ಗಡಿಯಾರ ನೋಡಿ ಸಿಗಡಿ ಹಾಕಿದೆ. ಐದಾರು ಉಳಿದವು, ಪೊಟ್ಟಣದಲ್ಲೇ ಇವೆ. ಕೆಂಪು ಬಣ್ಣ ಚೆನ್ನಾಗಿ ಬಂದಿದೆ. ಅಂಗೈಗೆ ಬಿಟ್ಟುಕೊಂಡೆ. ಹುಳಿ ಸರಿ. ಖಾರ ಸರಿ. ಉಳಿದದ್ದು...

ಮೆಟ್ಟಿಲಲ್ಲಿ ಸದ್ದು. ಬಂದರು.

ಸಂಜೆ 6:40

ಹೇಳಿದೆ.

ಬಟ್ಟಲು ಅವಳ ಮುಂದಿಟ್ಟೆ. "ಅಯ್ಯೋ, ಹೋಟೆಲಿನದೇ ಬಣ್ಣ!" ಅಂತ ಚಮಚ ತೆಗೆದುಕೊಂಡಳು. ಬಾಯಿಯ ಹತ್ತಿರ ಒಯ್ದವಳು ನಿಂತಳು. ಮೂಗು ಅರಳಿತು.

"ಯಾಕೆ?" ಅಂದೆ.

"ಏನಿಲ್ಲ ಅತ್ತೆ. ಏನೋ ಒಂಥರಾ... ನನಗೆ ಎಲ್ಲವೂ ಕೆಟ್ಟ ವಾಸನೆಯೇ ಬರುತ್ತೆ ಬಿಡಿ. ತಲೆಯನ್ನೇ ನಂಬೋ ಹಾಗಿಲ್ಲ, ಇನ್ನು ಮೂಗನ್ನ ಏನು ನಂಬ್ಲಿ?" ಮುಖವೆತ್ತಿ ನನ್ನನ್ನು ನೋಡಿದಳು. "ನೀವು ನೋಡಿದ್ದೀರಲ್ಲ? ಸರಿ ಇದೆಯಲ್ಲ?"

ಒಂದೇ ಒಂದು ಮಾತು ಬೇಕಿತ್ತು. ಮೂವತ್ತಾರು ವರ್ಷ ದಿನಕ್ಕೆ ಮೂರು ಸಲ ಆಡಿದ ಮಾತು. ಅವಳು ಚಮಚ ತುಟಿಗೆ ತಂದಳು.

ಬಟ್ಟಲು ಕಿತ್ತುಕೊಂಡೆ. ಚಮಚವನ್ನೂ. ಬಿಸಿ ಮಣಿಕಟ್ಟಿನ ಮೇಲೆ ಚೆಲ್ಲಿತು. ಎಲ್ಲ ಸಿಂಕಿಗೆ ಸುರಿದೆ, ಪಾತ್ರೆಯಲ್ಲಿದ್ದದ್ದನ್ನೂ.

"ಅಮ್ಮ! ಏನಾಯ್ತು ನಿನಗೆ?" ಮಗ ಎದ್ದು ನಿಂತ.

"ಸರಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ," ಅಂದೆ. "ನನಗೆ ವಾಸನೆ ಬರಲ್ಲ. ಆ ಜ್ವರದಿಂದ. ಒಂದೂವರೆ ತಿಂಗಳಾಯ್ತು."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳಿಗೆ ಹಿಡಿಯಲಿಲ್ಲ. ಒಲೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ಅವತ್ತು..." ಅಂದಳು.

"ಅವತ್ತು ಗ್ಯಾಸ್ ಬಿಟ್ಟವಳು ನಾನು. ನೀವು ಹೋದ ಮೇಲೆ ಕದ್ದು ಈ ಸೂಪ್ ಮಾಡ್ತಿದ್ದೆ. ಉಕ್ಕಿ ಉರಿ ಆರಿತು. ನಾನು ಅಲ್ಲೇ ಕೂತಿದ್ದೆ, ಗೊತ್ತಾಗಲಿಲ್ಲ. ನೀನು ನಾಬ್ ತಿರುಗಿಸಿದ್ದೆ. ನಿನ್ನ ನೆನಪು ಸರಿಯಾಗೇ ಇದೆ. ಸಂಜೆ ಬರ್ನರ್ ಒರೆಸಿದವಳೂ ನಾನೇ. ಗೊತ್ತಿದ್ದೇ ಒರೆಸಿದೆ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಹದಿಮೂರು ದಿನ ಅತ್ತೆ," ಅಂದಳು. "ಹದಿಮೂರು ದಿನ ನಾನು ನನ್ನ ಮಗೂನ ಎತ್ಕೊಳ್ಳೋಕೆ ಹೆದರಿದ್ದೀನಿ. ಅದಿನ್ನೂ ಹುಟ್ಟೇ ಇಲ್ಲ."



ಎದ್ದು ಕಟ್ಟೆಯ ಮೇಲಿದ್ದ ಪೊಟ್ಟಣ ತೆಗೆದು ಮೂಗಿಗೆ ಹಿಡಿದಳು. ಒಂದೇ ಸಲ. "ಕೆಟ್ಟಿದೆ," ಅಂದಳು. ಅನ್ಸುತ್ತೆ ಅನ್ನಲಿಲ್ಲ. ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿ, ಕೈ ತೊಳೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ ನನ್ನ ಮುಖ ನೋಡಲಿಲ್ಲ. ಅವಳ ಹಿಂದೆಯೇ ಹೋದ.

ಶನಿವಾರ ಹೋಗುವುದೋ ಇರುವುದೋ ಅವಳು ಹೇಳಿದ ಹಾಗೆ. ನಾನು ಬಾಯಿ ಹಾಕುವುದಿಲ್ಲ.

ಮಣಿಕಟ್ಟಿಗೆ ತಣ್ಣೀರು ಹಾಕಿ ಕೂತೆ. ಕೂತಿರಲು ಆಗಲಿಲ್ಲ. ಸೊಸೆಗೆ ಮರೆವು ಅಂತ ಬಿಲ್ಡಿಂಗಿನ ಪ್ರತಿ ಮನೆಗೂ ತಲುಪಿದೆ. ಹೊರಟಿದ್ದು ಟೈಲರಮ್ಮನ ಅಂಗಡಿಯಿಂದ, ಹೊರಡಿಸಿದ್ದು ನನ್ನ ಮೌನ. ಚಪ್ಪಲಿ ಮೆಟ್ಟಿ ಕೆಳಗಿಳಿದೆ.

ಅವಳ ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. "ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ," ಅಂದಳು. ಕೂರಲಿಲ್ಲ. ಮೆಷಿನ್ ನಿಲ್ಲಿಸು ಅಂದೆ. ನಿಲ್ಲಿಸಿದಳು. ಮೂವರಿಗೂ ಕೇಳುವ ಹಾಗೆ ಹೇಳಿದೆ, ಗ್ಯಾಸ್ ಬಿಟ್ಟವಳು ನಾನು, ನನ್ನ ಸೊಸೆಯಲ್ಲ. ಅವಳು ವಾಸನೆ ಹಿಡಿದು ಗಂಡನನ್ನು ತಡೆಯದಿದ್ದರೆ ನೀವು ಯಾರೂ ಇವತ್ತು ಇಲ್ಲಿ ಅಳತೆ ಕೊಡುತ್ತಿರಲಿಲ್ಲ.

ಟೈಲರಮ್ಮನ ಬಾಯಲ್ಲಿದ್ದ ಗುಂಡುಸೂಜಿ ಹಾಗೇ ಇತ್ತು. ತೆಗೆದು, "ಮತ್ತೆ ಇಷ್ಟು ದಿನ ಯಾಕಮ್ಮಾ ಸುಮ್ಮನಿದ್ರಿ?" ಅಂತ ಕೇಳಿದಳು.

ಅದನ್ನೂ ಹೇಳಿದೆ.